ಗೋಡೆ ಮೇಲೇರಿತು, ನಾಯಿ ಕೆಳಗೆ ನುಸುಳಿತು

ಶನಿವಾರ ಸಂಜೆ ಮೇಸ್ತ್ರಿ ಕೆಲಸ ಮುಗಿಸಿ ಬರುವ ಹೊತ್ತಿಗೆ ಕಾಂಪೌಂಡ್ ಗೋಡೆಯ ಬುಡದಲ್ಲಿ ಮತ್ತೊಂದು ಗುಂಡಿ ಬಾಯಿ ಬಿಟ್ಟುಕೊಂಡು ಕೂತಿತ್ತು. ಇದು ಏಳನೆಯದು. ನಾಯಿ ಮೂತಿಯ ತುಂಬ ಮಣ್ಣು ಮೆತ್ತಿಕೊಂಡು, ಗೇಟಿನ ಹೊರಗೆ ಬಾಲ ಅಲ್ಲಾಡಿಸುತ್ತ ನಿಂತಿತ್ತು. ಹೊರಗೆ ಹೋಗಲು ಅದಕ್ಕೆ ಸುರಂಗವೇ ಸಾಕು. ಒಳಗೆ ಬರುವಾಗ ಮಾತ್ರ ಗೇಟು ತೆಗೆದು ಮರ್ಯಾದೆಯಿಂದ ಕರೆಯಬೇಕು.

ಮನೆಯವರು ಅದಕ್ಕೆ ಏನೋ ಒಂದು ಹೆಸರಿಟ್ಟಿದ್ದರು. ಬೀದಿಯವರು "ಗುದ್ದಲಿ" ಎಂದು ಕರೆಯತೊಡಗಿದ ಮೇಲೆ ಮನೆಯವರ ಬಾಯಿಗೂ ಅದೇ ಹತ್ತಿತು. "ಮೇಸ್ತ್ರಿ ಮನೆ ನಾಯಿ ಅಲ್ವಾ, ಪಾಯ ತೆಗೆಯೋ ಕೆಲಸ ಕಲಿತುಬಿಟ್ಟಿದೆ," ಎಂದು ಪಕ್ಕದ ಸೈಕಲ್ ರಿಪೇರಿಯವನು ನಗುತ್ತಿದ್ದ.

ಮೇಸ್ತ್ರಿಗೆ ನಗು ಬರುತ್ತಿರಲಿಲ್ಲ. ಮೂವತ್ತು ವರ್ಷ ಗೋಡೆ ಕಟ್ಟಿದ ಕೈ ಅವನದು. ಮೊದಲ ಗುಂಡಿ ಕಂಡ ದಿನವೇ ಗೋಡೆಗೆ ಎರಡು ಸಾಲು ಇಟ್ಟಿಗೆ ಏರಿಸಿದ. ಎರಡನೆಯದು ಕಂಡಾಗ ಇನ್ನೆರಡು ಸಾಲು. ಹೀಗೆ ಸೊಂಟದ ಮಟ್ಟಕ್ಕಿದ್ದ ಗೋಡೆ ಮೂರು ತಿಂಗಳಲ್ಲಿ ಆಳೆತ್ತರ ಬೆಳೆಯಿತು. ನಾಯಿ ಕೆಳಗಿನಿಂದ ಹೋದರೆ ಗೋಡೆ ಮೇಲಕ್ಕೆ ಏರಿಸುವುದು ಯಾವ ನ್ಯಾಯ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಹಾಗಾಯಿತು. ಆದರೆ ಅವನಿಗೆ ಗೊತ್ತಿದ್ದ ಮದ್ದು ಅದೊಂದೇ.

ಬಟ್ಟೆ ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

"ರೀ, ಇವತ್ತು ನಿಮ್ಮ ಗುದ್ದಲಿ ದೊಡ್ಡ ರಸ್ತೆಗೆ ಹೋಗಿತ್ತಂತೆ. ಲಾರಿಯವನು ಬ್ರೇಕ್ ಹಾಕಿದ, ಹಿಂದೆ ಬರ್ತಿದ್ದ ಬೈಕಿನವನು ಬಿದ್ದು ಮೊಣಕೈ ಕಿತ್ಕೊಂಡಿದ್ದಾನೆ. ಇನ್ನು ನನ್ನ ಕೈಲಾಗಲ್ಲ. ಗೋದಾಮಿನ ಕಾವಲುಗಾರನಿಗೆ ಹೇಳಿದೀನಿ. ನಾಳೆ ಬಿಟ್ಟು ಮುಂದಿನ ಭಾನುವಾರ ಬಂದು ಕರ್ಕೊಂಡು ಹೋಗ್ತಾನೆ."

"ಅವನು ಸರಪಳಿ ಹಾಕಿ ಕಟ್ತಾನೆ ಕಣೇ."

"ಕಟ್ಟಲಿ. ಲಾರಿ ಕೆಳಗೆ ಸಾಯೋದಕ್ಕಿಂತ ಅದು ವಾಸಿ."

ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಮೇಸ್ತ್ರಿಯ ಅಮ್ಮ ಇಬ್ಬರ ಬಾಯನ್ನೂ ಒಂದಾದ ಮೇಲೊಂದು ನೋಡಿದಳು. ಅವಳಿಗೆ ಕಿವಿ ಕೇಳಿಸುವುದು ನಿಂತು ನಾಲ್ಕು ವರ್ಷವಾಗಿತ್ತು. ಗೇಟಿಗೆ ಯಾರಾದರೂ ಬಂದರೆ, ಒಲೆಯ ಮೇಲೆ ಕುಕ್ಕರ್ ಕೂಗಿದರೆ, ಗುದ್ದಲಿ ಬಂದು ಅವಳ ಮೊಣಕಾಲಿಗೆ ಮೂತಿಯಿಂದ ತಿವಿಯುತ್ತಿತ್ತು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಅವಳ ಕಿವಿ ಆ ನಾಯಿಯೇ.

"ಅದನ್ನ ಕಳಿಸ್ತೀರಾ?" ಎಂದು ಕೇಳಿದಳು ಅಮ್ಮ. ಮೇಸ್ತ್ರಿಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಒಡೆದ ಬಾಟಲಿ ಚೂರುಗಳನ್ನು ಗಾರೆಯ ಜೊತೆ ಕಲಸುತ್ತ ಕೂತಿದ್ದಾಗ ಹೆಂಡತಿಯ ತಂಗಿ ಬಂದಳು. ಅವಳಿಗೆ ಪಶು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವ, ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ. ಬೀದಿಯ ಮಕ್ಕಳು ಅವಳನ್ನು "ನಾಯಿ ನರ್ಸಮ್ಮ" ಎನ್ನುತ್ತಿದ್ದರು.

"ಬಾಂಡ್ಲಿಯಲ್ಲಿ ಏನು ಭಾವ, ಹಬೆಯಾಡ್ತಿರೋದು ನಿಮ್ಮ ಸಿಟ್ಟಾ?"

"ಗಾಜು. ಗುಂಡಿಗೆ ತುಂಬ್ತೀನಿ. ಆಮೇಲೆ ಅಗೀಲಿ ನೋಡೋಣ."

"ಅಗಿಯುತ್ತೆ. ಪಾದ ಕುಯ್ಕೊಂಡು ನನ್ನ ಹತ್ರಾನೇ ಬರುತ್ತೆ. ಆಮೇಲೆ ಇನ್ನೊಂದು ಕಡೆ ಅಗಿಯುತ್ತೆ. ಸುಮ್ಮನೆ ಆ ಕಡೆ ಎತ್ತಿಡಿ."

"ನಾಯಿ ಬಾಲ ಡೊಂಕು ಕಣಮ್ಮಾ. ದಬ್ಬೆ ಕಟ್ಟಿದ್ರೂ ನೆಟ್ಟಗಾಗಲ್ಲ."

"ಬಾಲದ ಮಾತು ಬಿಡಿ. ಅದು ಯಾಕೆ ಅಗಿಯುತ್ತೆ?"

"ಯಾಕೆ ಅಂದ್ರೆ? ಓಡಿಹೋಗೋಕೆ."

"ನೀವು ಕಣ್ಣಾರೆ ನೋಡಿದೀರಾ?"

ಮೇಸ್ತ್ರಿ ನೋಡಿರಲಿಲ್ಲ. ಅವನು ನೋಡಿದ್ದು ಗುಂಡಿಗಳನ್ನು ಮಾತ್ರ, ಅದೂ ಸಂಜೆಯ ಹೊತ್ತು. ನರ್ಸಮ್ಮ ಅವನ ಕೈಗೆ ಸೀಮೆಸುಣ್ಣದ ಕಡ್ಡಿ ಕೊಟ್ಟು, ಏಳೂ ಗುಂಡಿ ಎಲ್ಲೆಲ್ಲಿ ಇದ್ದವೋ ಗೋಡೆಯ ಮೇಲೆ ಗೆರೆ ಎಳೆಯಿರಿ ಎಂದಳು. ಏಳು ಗೆರೆಯೂ ಒಂದೇ ಗೋಡೆಗೆ ಬಿದ್ದವು. ಅಂಗಳಕ್ಕೆ ಮೂರು ಕಡೆ ಗೋಡೆಯಿದ್ದರೂ ಉಳಿದೆರಡನ್ನು ನಾಯಿ ಮುಟ್ಟಿಯೂ ನೋಡಿರಲಿಲ್ಲ.

"ಇದ್ರಲ್ಲಿ ಆ ಕಡೆಗೆ ತೂತಾಗಿದ್ದು ಎಷ್ಟು?"

ಮೇಸ್ತ್ರಿ ಯೋಚಿಸಿದ. "ಮೂರು. ಉಳಿದ ನಾಲ್ಕು ಅರ್ಧಕ್ಕೇ ನಿಂತಿದ್ದವು."

"ಕನ್ನ ಹಾಕೋ ಕಳ್ಳ ಅರ್ಧ ಕೊರೆದು ಅಲ್ಲೇ ಮಲಗ್ತಾನಾ ಭಾವ?"

ಈಗ ಮೇಸ್ತ್ರಿಗೂ ಕುತೂಹಲ ಹುಟ್ಟಿತು. ಏಳನೆಯ ಗುಂಡಿಯನ್ನು ಗಾಜಿಲ್ಲದೆ ಬರೀ ಮಣ್ಣಿನಿಂದ ಮುಚ್ಚಿ, ಎಲ್ಲರೂ ಕೆಲಸಕ್ಕೆ ಹೋದ ಹಾಗೆ ನಾಟಕವಾಡಿ ಒಳಗೆ ಕೂತು ನೋಡೋಣ ಎಂದು ತೀರ್ಮಾನವಾಯಿತು. ಅಮ್ಮ ದಿನದಂತೆ ಬಾಗಿಲು ಹಾಕಿಕೊಂಡು ಮಲಗಿದಳು. ಉಳಿದ ಮೂವರು ಅಡುಗೆಮನೆಯ ಕಿಟಕಿಗೆ ಮೂಗು ಒತ್ತಿಕೊಂಡು ಕೂತರು.

ಹನ್ನೊಂದೂವರೆಗೆ ಗುದ್ದಲಿ ನೀರಿನ ತೊಟ್ಟಿಯ ನೆರಳಲ್ಲಿ ಮಲಗಿತ್ತು. ಹನ್ನೆರಡರ ಹೊತ್ತಿಗೆ ಆ ನೆರಳು ಚೋಟುದ್ದವಾಯಿತು. ನಾಯಿ ಎದ್ದು ಬಾಗಿಲಿಗೆ ಬಂದು ಒಮ್ಮೆ ಕೆರೆಯಿತು. ಅಮ್ಮನಿಗೆ ಕೇಳಿಸಲಿಲ್ಲ. ತಟ್ಟೆಯ ನೀರನ್ನು ಮೂಸಿ ಕುಡಿಯದೆ ಬಿಟ್ಟಿತು. ಸಿಮೆಂಟಿನ ನೆಲದ ಮೇಲೆ ಕಾಲು ಎತ್ತಿ ಎತ್ತಿ ಇಡುತ್ತ ಗೋಡೆಯ ಬುಡಕ್ಕೆ ಹೋಯಿತು. ಅಲ್ಲಿದ್ದ ಮೊಳದಗಲದ ಮಣ್ಣಿನ ಪಟ್ಟಿಯನ್ನು ಮೂಸಿ, ಮುಂಗಾಲಿನಿಂದ ಪರಪರ ಕೆರೆದು, ಗುಂಡಿ ಮಾಡಿ, ಅದರೊಳಗೆ ಹೊಟ್ಟೆ ಊರಿ ಮಲಗಿಬಿಟ್ಟಿತು.

"ಅಯ್ಯೋ, ಇದೇನ್ರೀ, ಮಲಗ್ತಲ್ಲ!" ಎಂದಳು ಹೆಂಡತಿ.

ಅರ್ಧ ಗಂಟೆ ಅದು ಅಲ್ಲಾಡಲಿಲ್ಲ. ಆಮೇಲೆ ಬೀದಿಯಲ್ಲಿ ಯಾರದೋ ಕಬ್ಬಿಣದ ಬಾಂಡ್ಲಿ ನೆಲಕ್ಕೆ ಬಿದ್ದು ಠಣ್ಣೆಂದಿತು. ಗುದ್ದಲಿಯ ಕಿವಿ ನಿಮಿರಿತು. ಗುಂಡಿಯೊಳಗೆ ಮೂತಿ ತೂರಿಸಿ ಮತ್ತೆ ಕೆರೆಯತೊಡಗಿತು.

"ಈಗ ಓಡಿ ಭಾವ, ಆ ಕಡೆಯಿಂದ ಹಿಡೀರಿ!"

ಮೇಸ್ತ್ರಿ ಬೀದಿಗೆ ಓಡಿ ಗೋಡೆಯ ಆಚೆ ಕಾಲು ಅಗಲಿಸಿ ನಿಂತ. ಅವನ ಎರಡು ಪಾದಗಳ ನಡುವೆ ಮಣ್ಣು ಉಬ್ಬಿ, ಒಂದು ಮೂಗು, ಆಮೇಲೆ ಎರಡು ಕಣ್ಣು ಹೊರಬಂದವು. ಅವನನ್ನು ಕಂಡದ್ದೇ ನಾಯಿಗೆ ಆದ ಸಂತೋಷ ನೋಡಿ ಅವನಿಗೆ ಬೈಯುವುದು ಮರೆತೇ ಹೋಯಿತು.

ಕೊರಳಿಗೆ ಹಗ್ಗ ಹಾಕಿ ಅದನ್ನು ಅಂಗಳಕ್ಕೆ ತಂದ ಮೇಲೆ ನರ್ಸಮ್ಮ, "ಅದು ಕೂರೋ ಕಡೆ ನೀವೂ ಸ್ವಲ್ಪ ಕೂತ್ಕೊಳ್ಳಿ," ಎಂದಳು. ಮೇಸ್ತ್ರಿ ಸಿಮೆಂಟಿನ ಮೇಲೆ ಕೂತ, ಕೂತ ವೇಗದಲ್ಲೇ ಎದ್ದ. ಹೆಂಡತಿ ಕಿಸಕ್ಕನೆ ನಕ್ಕಳು.

"ಈಗ ಗುಂಡಿಯೊಳಗೆ ಕೈ ಇಡಿ."

ಒಳಗೆ ಮಣ್ಣು ಮಡಕೆಯ ಹೊಟ್ಟೆಯಂತೆ ತಣ್ಣಗಿತ್ತು. ಮೇಸ್ತ್ರಿ ಕೈಯನ್ನು ಅಲ್ಲೇ ಇಟ್ಟುಕೊಂಡು ಗೋಡೆಯನ್ನು ನೋಡಿದ. ಹೊಸ ಗಾರೆ ಬಿರಿಯದಿರಲೆಂದು ಪ್ರತಿದಿನ ಬೆಳಿಗ್ಗೆ ಅವನೇ ಕ್ಯೂರಿಂಗ್‌ಗೆ ನೀರು ಹೊಯ್ಯುತ್ತಿದ್ದ. ಆ ನೀರೆಲ್ಲ ಇಳಿದದ್ದು ಇದೇ ಬುಡಕ್ಕೆ. ಉಳಿದ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿದವನೂ ಅವನೇ. ಬೇರು ನೆಲ ಎಬ್ಬಿಸುತ್ತದೆಂದು ಇದ್ದೊಂದು ಮರ ಕಡಿದವನೂ ಅವನೇ. ಗೋಡೆ ಏರಿಸಿದಷ್ಟೂ ನಾಯಿಗೆ ಹಾಸಿಗೆ ತಂಪಾಗುತ್ತಿತ್ತು.

"ಅಂದ್ರೆ ಇದನ್ನ ಅಗಿಯೋಕೆ ಕರೀತಿದ್ದವನು ನಾನೇ," ಎಂದ ಮೇಸ್ತ್ರಿ.

"ತಂಪಿಗೆ ಅಗಿಯುತ್ತೆ, ಸರಿ. ರಸ್ತೆ ದಾಟಿ ಎಲ್ಲಿಗೆ ಹೋಗುತ್ತೆ ಹಾಗಾದ್ರೆ?" ಹೆಂಡತಿಯ ಸಂಶಯ ಇನ್ನೂ ಕರಗಿರಲಿಲ್ಲ.

"ಹಗ್ಗ ಕೈಯಲ್ಲೇ ಇದೆಯಲ್ಲ ಅಕ್ಕ. ಅದು ಎಳೆದ ಕಡೆ ಹೋಗಿ ನೋಡೋಣ."

ಬಿಸಿಲು ಇಳಿದ ಮೇಲೆ ಹೊರಟರು. ಗುದ್ದಲಿ ಅತ್ತಿತ್ತ ನೋಡದೆ, ದೊಡ್ಡ ರಸ್ತೆ ದಾಟಿಸಿ, ಎರಡು ಬೀದಿ ನಡೆಸಿ, ಒಂದು ಹೊಸ ಮನೆಯ ಮುಂದೆ ನಿಂತಿತು. ಮೇಸ್ತ್ರಿ ಮೂರು ತಿಂಗಳ ಹಿಂದೆ ಕಟ್ಟಿ ಮುಗಿಸಿದ ಮನೆ ಅದು. ಗೇಟಿನ ಪಕ್ಕ ಉಳಿದ ಮರಳಿನ ಗುಡ್ಡೆಯನ್ನು ನಾಯಿ ಸುತ್ತು ಹಾಕಿ ಮೂಸಿತು. ಮೆಟ್ಟಿಲು ಮೂಸಿತು. ಆಮೇಲೆ ಮರಳಿನ ಮೇಲೆ ಹತ್ತಿ ಕೂತು ಅವನನ್ನು ನೋಡಿತು.

"ಇದು ನಿಮ್ಮದಾ?" ಎಂದು ಮನೆಯೊಡತಿ ಹೊರಗೆ ಬಂದಳು. "ಆಗಾಗ ಬರುತ್ತೆ. ಇಲ್ಲಿ ಮಲಗಿರುತ್ತೆ. ಎಲ್ಲಾದ್ರೂ ಬಾಂಡ್ಲಿ ಸದ್ದಾದ್ರೆ ಎದ್ದು ನೋಡುತ್ತೆ."

ಆ ಮನೆ ಕಟ್ಟಿದ ವರ್ಷವೆಲ್ಲ ಮರಿಯಾಗಿದ್ದ ಗುದ್ದಲಿ ಅವನ ಜೊತೆ ಬಂದು ಮರಳಿನ ಮೇಲೆ ಮಲಗುತ್ತಿತ್ತು. ಈಗಿನ ಗುತ್ತಿಗೆದಾರ ನಾಯಿ ತರಬೇಡ ಎಂದದ್ದರಿಂದ ಮನೆಯಲ್ಲೇ ಬಿಟ್ಟಿದ್ದ. ಮೇಸ್ತ್ರಿ ಮರಳಿನ ಪಕ್ಕ ಕುಕ್ಕರಿಸಿ ಕೂತ.

"ನನ್ನನ್ನ ಹುಡುಕ್ಕೊಂಡು ಬರ್ತಿತ್ತಾ?"

"ಅದರ ಮನಸ್ಸಲ್ಲಿ ಏನಿದೆಯೋ ನಂಗೂ ಗೊತ್ತಿಲ್ಲ ಭಾವ. ಆದ್ರೆ ಮಧ್ಯಾಹ್ನವೆಲ್ಲ ಒಂಟಿಯಾಗಿದ್ದು ಬೇಜಾರಾದ ನಾಯಿ, ಒಮ್ಮೆ ಸುಖವಾಗಿದ್ದ ಜಾಗಕ್ಕೆ ಹೋಗೋದು ನೋಡಿದೀನಿ. ಎಲ್ಲಾ ನಾಯೀನೂ ಒಂದೇ ಕಾರಣಕ್ಕೆ ಅಗಿಯಲ್ಲ. ಕೆಲವು ಹೆಗ್ಗಣದ ವಾಸನೆಗೆ, ಕೆಲವು ಗುಡುಗಿನ ಭಯಕ್ಕೆ, ಕೆಲವು ಬೆದೆಗೆ ಬಂದಾಗ. ಬೆದೆಗೆ ಓಡೋದಾದ್ರೆ ಸಂತಾನ ಆಗದ ಹಾಗೆ ಆಪರೇಷನ್ ಮಾಡಿಸ್ಬೇಕು. ಕಾರಣ ನೋಡದೆ ಮದ್ದು ಮಾಡಿದ್ರೆ ನಿಮ್ಮ ಗೋಡೆ ಥರ ಆಗುತ್ತೆ."

"ಕಟ್ಟಿಹಾಕಿದ್ರೆ ಸುಲಭ ಅಲ್ವೇನೇ?" ಎಂದಳು ಅಕ್ಕ.

"ದಿನವಿಡೀ ಸರಪಳಿಯಲ್ಲಿದ್ದ ನಾಯಿಗೆ ಸಿಟ್ಟು ಜಾಸ್ತಿ ಅಕ್ಕ. ಕಚ್ಚಿಸ್ಕೊಂಡವರು ಗಾಬರೀಲಿ ನಮ್ಮ ಪಶು ಆಸ್ಪತ್ರೆಗೇ ಬಂದುಬಿಡ್ತಾರೆ, ನಾವು ದೊಡ್ಡಾಸ್ಪತ್ರೆಗೆ ಓಡಿಸ್ತೀವಿ."

"ಎಂಟು ದಿನ ನೋಡ್ತೀನಿ. ಅಷ್ಟೇ," ಎಂದಳು ಅಕ್ಕ.

ಮೇಸ್ತ್ರಿಗೆ ಬೇಕಾದದ್ದೂ ಅಷ್ಟೇ. ಅಂದೇ ಸಂಜೆ ಗೋಡೆಯ ಬುಡದ ಮಣ್ಣು ತೆಗೆದು ದಪ್ಪ ತಂತಿಯ ಜಾಲರಿ ಹಾಸಿದ. ಜಾಲರಿಯ ಒಂದು ಅಂಚು ಗೋಡೆಗೆ ಅಂಟಿಕೊಂಡು ನಿಂತಿತು. ಉಳಿದದ್ದು ಒಂದೂವರೆ ಅಡಿ ಅಂಗಳದ ಕಡೆ ಮಲಗಿತು. ಉಗುರಿಗೆ ಚುಚ್ಚದಂತೆ ತುದಿಗಳನ್ನು ಕೆಳಕ್ಕೆ ಮಡಚಿ, ಮೇಲೆ ಮಣ್ಣು ಮುಚ್ಚಿ ಅಲ್ಲಲ್ಲಿ ಚಪ್ಪಡಿ ಕಲ್ಲು ಇಟ್ಟ. ಮಗುಚಿ ಬೀಳದ ಸಿಮೆಂಟಿನ ನೀರಿನ ಬಾನಿಯೊಂದನ್ನು ತಾನೇ ಮಾಡಿದ. ಹಿತ್ತಿಲಲ್ಲಿ ನಾಲ್ಕು ಸಾಲು ಇಟ್ಟಿಗೆಯ ಕಟ್ಟೆ ಕಟ್ಟಿ, ಮರಳು ತುಂಬಿ, ಇದು ನಿನ್ನ ಗುಂಡಿ, ಎಷ್ಟು ಬೇಕಾದರೂ ಅಗಿ ಎಂದು ಗುದ್ದಲಿಗೆ ಹೇಳಿದ.

ಮಂಗಳವಾರ ಬಂದು ನೋಡಿದರೆ ಗೋಡೆಯ ಬುಡದಲ್ಲಿ ಮತ್ತೆ ಮಣ್ಣು ಕೆದರಿತ್ತು. "ನಾನು ಹೇಳಲಿಲ್ವಾ?" ಎಂದಳು ಹೆಂಡತಿ. ಮೇಸ್ತ್ರಿ ಪೆಚ್ಚುಮೋರೆ ಹಾಕಿಕೊಂಡು ನರ್ಸಮ್ಮನಿಗೆ ಫೋನು ಮಾಡಿದ.

"ಜಾಲರಿ ತಾಗಿದ್ದೇ ಅಗಿಯೋದು ನಿಲ್ಲಿಸಿದೆ ತಾನೇ? ಆ ಕಡೆ ಹೋಗಿಲ್ಲ ತಾನೇ? ಸರಿ, ಮರಳಿನ ಕಟ್ಟೆ ಎಲ್ಲಿದೆ?"

"ಹಿತ್ತಿಲ ನಡುವೆ. ಚೆನ್ನಾಗಿ ಬಿಸಿಲು ಬೀಳುತ್ತೆ."

"ಭಾವ, ನೀವು ಹಪ್ಪಳ ಒಣಗಿಸ್ತಿದೀರೋ, ನಾಯಿ ಸಾಕ್ತಿದೀರೋ?"

ಬುಧವಾರ ಬೆಳಿಗ್ಗೆ ಕಟ್ಟೆಯ ಮೇಲೆ ನಾಲ್ಕು ಬಿದಿರು ಎದ್ದು ನಿಂತವು, ಅದಕ್ಕೆ ಗೋಣಿತಾಟಿನ ಚಪ್ಪರ ಬಂತು, ಮರಳಿಗೆ ಎರಡು ಕೊಡ ನೀರು ಬಿತ್ತು. ಅಮ್ಮ ಒಂದು ಮೂಳೆಯನ್ನು ಅದರೊಳಗೆ ಹೂತಿಟ್ಟು ನಾಯಿಯ ಎದುರೇ ಕೈ ಒರೆಸಿಕೊಂಡಳು. ಮಧ್ಯಾಹ್ನ ಮಲಗುವಾಗ ಹಿತ್ತಿಲ ಬಾಗಿಲನ್ನು ತೆರೆದೇ ಬಿಟ್ಟಳು. ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ಹಗ್ಗ ಹಿಡಿದು ನಡೆಸುವ ಕೆಲಸ ಮೇಸ್ತ್ರಿಯದಾಯಿತು. ಕೊರಳಪಟ್ಟಿಯ ಮೇಲೆ ಮನೆಯ ಫೋನ್ ನಂಬರು ಬಂತು, ರೇಬಿಸ್ ಲಸಿಕೆಯೂ ಆಯಿತು.

ಭಾನುವಾರ ಗೋದಾಮಿನ ಕಾವಲುಗಾರ ಹಗ್ಗ ಹಿಡಿದು ಬಂದಾಗ ಗುದ್ದಲಿ ಮರಳಿನಲ್ಲಿ ಕುತ್ತಿಗೆಯವರೆಗೆ ಹುದುಗಿ ಮಲಗಿತ್ತು. ಐದು ದಿನದಿಂದ ಅದು ಗೋಡೆಯ ಕಡೆ ತಲೆ ಹಾಕಿರಲಿಲ್ಲ. ಗೇಟಿಗೆ ಹೋದವಳು ಹೆಂಡತಿ. ಮೇಸ್ತ್ರಿ ಬಾಗಿಲಲ್ಲೇ ನಿಂತು ಕಿವಿಗೊಟ್ಟ.

"ತಪ್ಪು ತಿಳ್ಕೋಬೇಡಿ ಅಣ್ಣ, ನಾಯಿ ಕೊಡಲ್ಲ," ಎಂದಳು ಅವಳು. "ನಮ್ಮತ್ತೆಗೆ ಅದು ಬೇಕು." ಗೇಟಿನ ಚಿಲಕ ಹಿಡಿದುಕೊಂಡು, "ನನಗೂ ಬೇಕು," ಎಂದಳು.

ಕಾವಲುಗಾರ ತಲೆ ಕೆರೆದುಕೊಂಡ. "ಇರೋ ನಾಯಿ ಸರಪಳಿ ಸುತ್ತ ನೆಲವೆಲ್ಲ ಅಗೆದು ಹಾಕಿದೆ. ಅದಕ್ಕೇ ಇನ್ನೊಂದು ಬೇಕಿತ್ತಮ್ಮ."

"ಅದನ್ನ ಕಟ್ಟಿರೋ ಕಡೆ ಮಧ್ಯಾಹ್ನ ನೆರಳಿದೆಯಾ?"

ಕಾವಲುಗಾರ ಕೈಯಲ್ಲಿದ್ದ ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡ. "ಬನ್ನಿ ಒಳಗೆ, ತೋರಿಸ್ತೀನಿ," ಎಂದು ಅವಳು ಗೇಟು ತೆಗೆದಳು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ನಾಯಿಯೂ ಅಗಿಯುತ್ತಿದ್ದರೆ ಕೋಲು ಹುಡುಕಬೇಡಿ, ಗಾಜು ಹೂಳಬೇಡಿ. ಒಂದು ದಿನ ಕೂತು ನೋಡಿ: ಎಲ್ಲಿ ಅಗಿಯುತ್ತದೆ, ಯಾವ ಹೊತ್ತಿಗೆ, ಅಗೆದ ಮೇಲೆ ಏನು ಮಾಡುತ್ತದೆ? ಬೇಲಿಯ ಬುಡಕ್ಕೆ ಜಾಲರಿ ಹಾಕಿ, ಆದರೆ ಅದೊಂದೇ ಸಾಲದು. ನೆರಳು, ತಣ್ಣೀರು, ದಿನಕ್ಕೆರಡು ಸಲ ನಡಿಗೆ, ಅಗಿಯಲು ಅದರದೇ ಒಂದು ಜಾಗ ಕೊಡಿ. ಕಾರಣ ತಿಳಿಯದಿದ್ದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ, ಅಲ್ಲೇ ನಾಯಿಗೆ ಲಸಿಕೆಯನ್ನೂ ಹಾಕಿಸಿ. ಇವತ್ತೇ ಮಧ್ಯಾಹ್ನ ಚಪ್ಪಲಿ ಕಳಚಿ ನಿಮ್ಮ ಅಂಗಳಕ್ಕೆ ಇಳಿಯಿರಿ. ನಿಮಗೆ ಐದು ನಿಮಿಷ ನಿಲ್ಲಲಾಗದ ನೆಲದ ಮೇಲೆ ನಾಯಿಯನ್ನು ಇಡೀ ದಿನ ಬಿಟ್ಟು ಹೋಗಬೇಡಿ.