ತಟ್ಟಿ ನೋಡುವ ಶಂಭುಲಿಂಗಪ್ಪನವರು

ಚಾಮರಾಜಪೇಟೆಯ ಶಂಭುಲಿಂಗಪ್ಪನವರು ಯಾವ ವಸ್ತುವನ್ನೂ ಬರಿಯ ಕಣ್ಣಿನಿಂದ ನಂಬಿದವರಲ್ಲ. ಬಾಗಿಲು, ಕುರ್ಚಿ, ಕಲ್ಲಂಗಡಿ, ಅಳಿಯ ತಂದ ಹೊಸ ಸೂಟ್‌ಕೇಸು, ಏನೇ ಎದುರಾಗಲಿ, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆಯನ್ನು ಎಡಕ್ಕೆ ವಾಲಿಸಿ, ಅದು ಕೊಟ್ಟ ಉತ್ತರವನ್ನು ಕೇಳಿಸಿಕೊಂಡ ಮೇಲೆಯೇ ಮುಂದಿನ ಮಾತು. ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಗೇಟನ್ನು ತಟ್ಟಿ, "ಮೇಷ್ಟ್ರೇ, ಕೆಳಗಡೆ ತುಕ್ಕು ತಿಂದಿದೆ, ನೋಡಿಸ್ಬಿಡಿ" ಎಂದ ಮೇಲೆಯೇ ಅವರು ನಮಸ್ಕಾರ ಹೇಳಿದ್ದು.

ಅದು ಕಸುಬಿನಿಂದ ಬಂದ ಅಭ್ಯಾಸ. ಕಾಟನ್‌ಪೇಟೆಯಲ್ಲಿ ಅವರದು ಅಜ್ಜನ ಕಾಲದ ಹಾಸಿಗೆ ಅಂಗಡಿ. ಹಾಸಿಗೆಯನ್ನು ತಟ್ಟಿದರೆ ಸಾಕು, ಒಳಗಿರುವುದು ಹೊಸ ಹತ್ತಿಯೋ, ಹಳೆಯದನ್ನೇ ಮತ್ತೆ ಹಿಂಜಿ ತುಂಬಿದ್ದೋ ಅವರಿಗೆ ತಿಳಿಯುತ್ತಿತ್ತು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಮನೆ ಸೇರಿದ ಮೇಲೂ ಅವರ ಬೂದುಬಣ್ಣದ ಕೋಟಿನ ತೋಳಿಗೆ ಹತ್ತಿಯ ಒಂದೆರಡು ಎಳೆ ಸದಾ ಅಂಟಿಕೊಂಡಿರುತ್ತಿತ್ತು.

ಪತ್ನಿ ಮಹಾನಂದ ಅವರಿಗೆ ಕೆಲವು ವರ್ಷಗಳಿಂದ ಕಿವಿಯೊಳಗಿನ ತೊಂದರೆ. ಗದ್ದಲ ಹೆಚ್ಚಾದರೆ ತಲೆ ಗಿರ್ರನೆ ಸುತ್ತಿ, ಗೋಡೆ ಹಿಡಿದು ಕೂರಬೇಕು. ಬಸ್ಸು ನಿಂತಿತು, ರೈಲು ನಿಂತಿತು, ಹರಪನಹಳ್ಳಿಯ ತವರು ದೂರವಾಯಿತು. ಕಳೆದ ಬೇಸಗೆಯಲ್ಲಿ ತಂಗಿ ಫೋನು ಮಾಡಿ, "ಅಕ್ಕಾ, ಮಾಘದಾಗ ಮಗಳ ಮದುವಿ. ನೀ ಬರೂತನಕ ಅಕ್ಷತಿ ಹಾಕ್ಸೂದಿಲ್ಲ ನೋಡು" ಎಂದಳು. ಮಹಾನಂದ ಫೋನನ್ನು ಗಂಡನ ಕೈಗಿಟ್ಟು ಅಡುಗೆಮನೆಗೆ ಹೋದರು. ಶಂಭುಲಿಂಗಪ್ಪನವರು ಮೇಜನ್ನು ಎರಡು ಸಲ ತಟ್ಟಿದರು. ಮುಂದಿನ ವಾರವೇ ಮನೆಯ ಮುಂದೆ ಹಳೆಯ ವ್ಯಾನೊಂದು ಬಂದು ನಿಂತಿತು. ಒಳಗೊಂದು ಮಂಚ, ಪುಟ್ಟ ಒಲೆ, ಹೆಂಡತಿಯ ಪೂಜೆಗೊಂದು ಮಣೆ. ಹೊರಗಿನ ಸದ್ದೂ ಶೆಖೆಯೂ ನುಗ್ಗದಂಥ ಗೋಡೆ. ಇಷ್ಟು ಅವರ ಸಂಕಲ್ಪ.

ಗೋಡೆಗೆ ಏನು ತುಂಬಬೇಕೆಂಬ ವಿಷಯದಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಮಗಳು ಶಿವರಂಜಿನಿ ಎಚ್ಚರಿಸಿದಳು.

"ಅಪ್ಪಾ, ಹತ್ತಿ ನೀರು ಕುಡಿಯತ್ತೆ."

"ನೀರು ಕುಡೀದೇ ಇರೋದು ಪ್ಲಾಸ್ಟಿಕ್ಕಮ್ಮಾ. ನಿಮ್ಮ ತಾತ ಪ್ಲಾಸ್ಟಿಕ್ ಮಾರಿ ನನ್ನ ಸಾಕಲಿಲ್ಲ."

ವ್ಯಾನಿನ ತಗಡಿಗೂ ಒಳಗೆ ಹೊಡೆಸಿದ ಪ್ಲೈವುಡ್ಡಿಗೂ ನಡುವೆ ಅಂಗಡಿಯ ಉತ್ತಮ ಹತ್ತಿಯನ್ನು ತಾವೇ ಕೂತು ತುಂಬಿದರು. ಹೊರಗಿನಿಂದ ತಟ್ಟಿದರೆ 'ಠಣ್' ಎನ್ನುತ್ತಿದ್ದ ತಗಡು 'ದೊಪ್' ಎಂದಿತು. "ಕೇಳಿದ್ರಾ ಮೇಷ್ಟ್ರೇ? ಮಲಗಿಬಿಡ್ತು!" ಎಂದು ಕೂಸನ್ನು ಮಲಗಿಸಿದವರಂತೆ ದನಿ ತಗ್ಗಿಸಿ ಹೇಳಿದರು.

ಮಳೆಗಾಲ ಬಂತು. ತಣ್ಣಗಾದ ತಗಡಿನ ಒಳಮೈ ಬೆವರಿತು. ಆ ಬೆವರನ್ನೆಲ್ಲ ಹತ್ತಿ ಹೀರಿತು. ಶ್ರಾವಣದಲ್ಲಿ ಒಂದು ದಿನ ಮಹಾನಂದ ವ್ಯಾನು ಹತ್ತಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಹಾಗೆಯೇ ಇಳಿದರು. "ರೀ, ಮಗು ಒದ್ದೆ ಮಾಡಿದ ಹಾಸಿಗೆ ವಾಸನೆ ಬರ್ತಿದೆಯಲ್ರೀ."

ಹಾಸಿಗೆಯ ಮನೆತನಕ್ಕೆ ಇದಕ್ಕಿಂತ ದೊಡ್ಡ ಮಾತು ಬೇಕೆ? ಆ ದಿನವೇ ಪ್ಲೈವುಡ್ಡು ಬಿಚ್ಚಿದರು. ಹತ್ತಿ ಕಪ್ಪಾಗಿ ಮುಗ್ಗಿತ್ತು. ತಗಡಿನ ಮೇಲೆ ತುಕ್ಕಿನ ಕಲೆ ಎದ್ದಿತ್ತು. ಎರಡು ದಿನ ಅವರು ಯಾವುದನ್ನೂ ತಟ್ಟಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ ಮಗಳನ್ನು ಕೇಳಿದರು: "ನಿನ್ನ ಪ್ಲಾಸ್ಟಿಕ್ಕು ಎಲ್ಲಿ ಸಿಗತ್ತಮ್ಮಾ?"

ತುಕ್ಕು ಕೆರೆದು ಬಣ್ಣ ಹಚ್ಚಿದ್ದಾಯಿತು. ತಗಡು ಎಲ್ಲೆಲ್ಲಿ ನಡುಗುತ್ತದೆಂದು ತಟ್ಟಿ ತಟ್ಟಿ ಗುರುತಿಸಿ, ಅಲ್ಲಲ್ಲಿಗೆ ನಡುಕ ತಡೆಯುವ ತೂಕದ ಕಪ್ಪು ಅಂಟುಹಾಳೆ ಹಾಕಿದರು; ಅದರ ಮೇಲೆ ನೀರು ಕುಡಿಯದ ಫೋಮು; ಬಾಗಿಲ ಸಂದಿಗೆ ರಬ್ಬರಿನ ಅಂಚು. ಕೆಡದೆ ಉಳಿದ ಹತ್ತಿಯನ್ನು ಮಹಡಿಯ ಮೇಲೆ ಬಿಸಿಲಿಗೆ ಹರಡಿ, ಹಿಂಜಿಸಿ, ಮಂಚಕ್ಕೆ ಹಾಸಿಗೆಯನ್ನೂ ಕಿಟಕಿಗಳಿಗೆ ಬೇಕಾದಾಗ ತೆಗೆದು ಒಣಗಿಸಬಹುದಾದ ದಪ್ಪ ರಜಾಯಿಗಳನ್ನೂ ಮಾಡಿಸಿದರು.

ಪುಷ್ಯದಲ್ಲಿ ಪರೀಕ್ಷೆ. ನಮ್ಮ ಬೀದಿಯಲ್ಲೇ ಒಂದು ಸುತ್ತು ಹಾಕೋಣವೆಂದರೆ ಮಹಾನಂದ ಒಪ್ಪಲಿಲ್ಲ. "ಖಾಲಿ ರಸ್ತೇಲಿ ಏನ್ ಗೊತ್ತಾಗತ್ತೆ? ಮಾರ್ಕೆಟ್ಟಿಗೆ ನಡೀರಿ. ಅಲ್ಲೇ ಪೂಜೆಗೆ ಕೂರ್ತೀನಿ. ತಲೆ ಸುತ್ತಿದ್ರೆ ಮದುವೆ ಮಾತು ಬಿಟ್ಬಿಡಿ."

ಬೆಳಗಿನ ಕೃಷ್ಣರಾಜ ಮಾರುಕಟ್ಟೆಯ ಅಂಚಿನಲ್ಲಿ ವ್ಯಾನು ನಿಂತಿತು. ಒಳಗೆ ಆಕೆ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕಣ್ಣು ಮುಚ್ಚಿದರು. ಹೊರಗೆ ಬಸ್ಸುಗಳ ಹಾರನ್ನು, ಹೂವಿನವರ ಕೂಗು. "ಏನ್ ಸ್ವಾಮಿ, ಕಂಬದ ಥರ ನಿಂತ್ಬಿಟ್ರಿ! ದಾರಿ ಬಿಡಿ" ಎಂದು ಮೂಟೆ ಹೊತ್ತವನೊಬ್ಬ ಗದರಿದ. ಶಂಭುಲಿಂಗಪ್ಪನವರಿಗೆ ಅದು ಕೇಳಿಸಲಿಲ್ಲ. ಅವರ ಕೈ ಬಾಗಿಲನ್ನು ತಟ್ಟಲು ಮೇಲೆದ್ದಿತು; ತಟ್ಟದೆ ಕೋಟಿನ ಜೇಬಿಗೆ ಇಳಿಯಿತು.

ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಮಹಾನಂದರ ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಕೇಳಿಸ್ತಾ?" ಎಂದರು ಇವರು.

"ಕೇಳಿಸ್ದೆ ಏನು? ಯಾರದೋ ಮನೆ ಮದುವೆ, ಎಲ್ಲೋ ದೂರದಲ್ಲಿ ನಡೀತಿದೆ ಅನ್ನೋ ಹಾಗೆ ಕೇಳಿಸ್ತು" ಎಂದು ಆಕೆ ಸೆರಗು ಸರಿಮಾಡಿಕೊಂಡರು. "ಅದಿರ್ಲಿ, ನಮ್ಮನೆ ಮದುವೆಗೆ ಯಾವಾಗ ಹೊರಡೋದು?"

ತಾವು ಕಲಿತ ಒಂದೇ ಕಸುಬಿನಿಂದ ಲೋಕದ ಕಷ್ಟವನ್ನೆಲ್ಲ ಬಗೆಹರಿಸಬಹುದೆಂದು ನಂಬುವ ಜನ ಹಳೆಯ ಪೇಟೆಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರು ತಪ್ಪುವುದುಂಟು, ಹಟದಿಂದಲೇ ತಪ್ಪುವುದುಂಟು. ಆದರೆ ನಂಬಿದ್ದು ಒದ್ದೆಯಾಗಿ ಮುಗ್ಗಿದಾಗ ಅವರು ಅದನ್ನು ಪೂರ್ತಿ ಬಿಸಾಡುವುದಿಲ್ಲ. ಬಿಸಿಲಿಗೆ ಹರಡುತ್ತಾರೆ, ಒಣಗಿದ ಮೇಲೆ ಅದಕ್ಕೆ ತಕ್ಕ ಜಾಗ ಯಾವುದೆಂದು ಹುಡುಕುತ್ತಾರೆ.