ಬಿರುಕಿಗೆ ಅಂಟಿಸಿದ ಗಾಜು

ಮೊದಲು ಕೋಣೆಯ ಬಾಗಿಲು ಮುಚ್ಚದಂತಾಯಿತು. ಟೈಲರಕ್ಕ ಭುಜ ಕೊಟ್ಟು ನೂಕಿದರೂ ಜಗ್ಗಲಿಲ್ಲ. ಮಳೆಗೆ ಮರ ಉಬ್ಬಿರಬೇಕೆಂದು ಗಂಡ ಬಾಗಿಲಿನ ಮೇಲಂಚು ಕೆತ್ತಿಸಿದ. ವಾರದೊಳಗೆ ಮತ್ತೆ ಸಿಕ್ಕಿಕೊಂಡಿತು. ಆಮೇಲೆ ಅವಳ ಹೊಲಿಗೆ ಯಂತ್ರದ ಮೇಲೆ ದಿನವೂ ಹಿಡಿ ಮಣ್ಣು ಉದುರತೊಡಗಿತು. ತಲೆ ಎತ್ತಿ ನೋಡಿದರೆ, ಬಾಗಿಲ ಮೂಲೆಯಿಂದ ಸೂರಿನವರೆಗೂ ಬಿರುಕು. ಬೆರಳು ತೂರುವಷ್ಟು ಅಗಲ.

ಅದೇ ಗೋಡೆಗೆ ಒತ್ತಿಕೊಂಡು ಮಗಳ ಮಂಚವಿತ್ತು.

"ರೀ, ಈ ಗೋಡೆ ನೋಡಿದ್ರೆ ಕೈಕಾಲು ತಣ್ಣಗಾಗುತ್ತೆ," ಎಂದಳು ಗಂಡನಿಗೆ. ಅವನು ಬಸ್ ಡ್ರೈವರ್. ಬೆಳಗ್ಗೆ ಹೋದರೆ ಸಂಜೆಗೇ ಮನೆ.

"ಭಾನುವಾರ ಸಿಮೆಂಟ್ ಮೆತ್ತಿ ಬಣ್ಣ ಬಳಿದುಬಿಡ್ತೀನಿ. ಕಾಣೋದೇ ಇಲ್ಲ."

"ಕಾಣದಿದ್ರೆ ಬೀಳೋದಿಲ್ವಾ?"

ಒಳಗಿನಿಂದಲೇ ಅತ್ತೆ ಗದರಿದರು. "ಬಾಯಲ್ಲಿ ಒಳ್ಳೇ ಮಾತು ಬರ್ಲಿ! ನಮ್ಮ ಮಾವ ಕಟ್ಟಿಸಿದ ಮನೆ ಇದು. ಎಂಬತ್ತು ವರ್ಷದಿಂದ ಜಪ್ಪಯ್ಯ ಅಂದ್ರೂ ಅಲ್ಲಾಡಿಲ್ಲ."

ಪಕ್ಕದ ಬೀದಿಯಲ್ಲಿ, ಹಳೆ ಮನೆಗಳ ರಿಪೇರಿಯಲ್ಲೇ ತಲೆ ನೆರೆತ ಗಾರೆ ಮೇಸ್ತ್ರಿಯೊಬ್ಬರಿದ್ದರು. ಟೈಲರಕ್ಕ ಅವರನ್ನು ಕರೆತಂದಳು.

ಮೇಸ್ತ್ರಿ ಗೋಡೆ ತಟ್ಟುತ್ತಾ ಹೋದರು. ಒಂದೆಡೆ ಗಟ್ಟಿ ಸದ್ದು, ಇನ್ನೊಂದೆಡೆ ಪೊಳ್ಳು. ಆಮೇಲೆ ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಗಾರೆ ಮೆತ್ತಿ, ಪಕ್ಕದಲ್ಲಿ ತಾರೀಖು ಬರೆದರು.

"ಹಳೇ ಬಿರುಕಾದ್ರೆ ಗಾಜು ಹಾಗೇ ಇರುತ್ತೆ ತಂಗಿ. ಗೋಡೆ ಸರೀತಾ ಇದ್ರೆ ಒಡೆಯುತ್ತೆ. ಅದು ಗೊತ್ತಾಗೋವರೆಗೂ ಈ ಕೋಣೇಲಿ ಯಾರೂ ಇರ್ಬೇಡಿ."

"ಗೋಡೆಗೂ ಜ್ವರದ ಕಡ್ಡಿ ಇಟ್ರಾ!" ಅತ್ತೆ ಮೂಗು ಮುರಿದರು.

ಮಂಚ, ಯಂತ್ರ ಎರಡೂ ಪಡಸಾಲೆಗೆ ಬಂದವು. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಟೈಲರಕ್ಕ ಕಾಲರ್ ಹೊಲಿಯುತ್ತಿದ್ದಾಗ ಕೋಣೆಯೊಳಗೆ 'ಟಿಕ್' ಎಂದಿತು. ಕಾಲು ಪೆಡಲಿನ ಮೇಲೇ ನಿಂತುಹೋಯಿತು. ಹೊಸ್ತಿಲಿನಿಂದ ಇಣುಕಿದಳು. ಗಾಜು ಎರಡು ತುಂಡಾಗಿತ್ತು. ಮೇಸ್ತ್ರಿಯನ್ನು ಕರೆಯಲು ಪಕ್ಕದ ಬೀದಿಗೆ ಓಡಿದಳು.

ಮೇಸ್ತ್ರಿ ಓಡಿಬಂದು ಸೂರಿಗೆ ಮರದ ಆಸರೆ ಕೊಟ್ಟರು. ಬೆವರು ಒರೆಸಿಕೊಂಡು ಅತ್ತೆಯ ಕಡೆ ತಿರುಗಿದರು. "ಅಮ್ಮಾ, ಈ ಗೋಡೆ ಬುಡದಲ್ಲಿ ಮೊದ್ಲು ಏನಿತ್ತು? ಈ ಮನೆ ಕಥೆ ಬಲ್ಲೋರು ನೀವೊಬ್ರೇ."

ಅತ್ತೆ ಗೋಡೆಯ ಬುಡದತ್ತ ಬೆರಳು ತೋರಿದರು.

"ಮೋರಿ ಇತ್ತು. ಹೊಸ ಬಚ್ಚಲು ಮಾಡಿಸಿದಾಗ ನಾನೇ ಮುಚ್ಚಿಸ್ದೆ. ನೀರಿಗೆ ದಾರಿ ಬೇಕು ಕಣಮ್ಮಾ ಅಂತ ಮಾವ ಬಡ್ಕೊಂಡ್ರು, ಕೇಳ್ಲಿಲ್ಲ. ಬಿರುಕು ಕಂಡ ದಿನಾನೇ ಅನುಮಾನ ಬಂತು. ಹೇಳಿದ್ರೆ ಮನೆ ಹಾಳು ಮಾಡಿದೋಳು ನಾನೇ ಅಂತೀರಾ ಅಂತ ಹೆದರಿ... ಮಗು ಅಲ್ಲೇ ಮಲಗ್ತಿತ್ತು, ಆದ್ರೂ ನಾನು ಬಾಯಿ ಬಿಡ್ಲಿಲ್ಲ."

ಟೈಲರಕ್ಕನ ನಾಲಿಗೆಯ ತುದಿಗೆ ಬೈಗುಳ ಬಂದಿತ್ತು. ಅತ್ತೆ ಪಡಸಾಲೆಯ ಮಂಚವನ್ನೇ ನೋಡುತ್ತಿರುವುದು ಕಂಡು ನುಂಗಿಕೊಂಡಳು.

ಮರುದಿನ ಬೆಳಗ್ಗೆ ಮಂಚವಿದ್ದ ಜಾಗಕ್ಕೆ ತಲೆದಿಂಬಿನಷ್ಟು ದೊಡ್ಡ ಗಾರೆ ಹೆಂಟೆ ಬಿತ್ತು. ಗಂಡ ಸಿಮೆಂಟಿನ ಮಾತು ಮತ್ತೆ ಎತ್ತಲಿಲ್ಲ.

"ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿದ್ರೆ ತೇವ ಒಳಗೇ ಉಳ್ಕೊಳ್ಳುತ್ತೆ," ಎಂದರು ಮೇಸ್ತ್ರಿ. "ಮೊದ್ಲು ಬುಡಕ್ಕೆ ಇಳಿಯೋ ಬಚ್ಚಲ ನೀರು ನಿಲ್ಲಿಸ್ಬೇಕು. ಇಂಜಿನಿಯರ್ ಒಬ್ರು ಬಂದು ನೋಡ್ಲಿ. ಆಮೇಲೆ ಸುಣ್ಣದ ಗಾರೆ."

ಹಾಗೇ ಮಾಡಿದರು. ಅಗೆದಾಗ ಬುಡದ ಮಣ್ಣು ಗಂಜಿಯಂತಾಗಿತ್ತು. ಮೋರಿ ತೆರೆದು, ಬುಡವನ್ನು ಸ್ವಲ್ಪ ಸ್ವಲ್ಪವಾಗಿ ಬಲಪಡಿಸಲು ಎರಡು ತಿಂಗಳು ಹಿಡಿಯಿತು. ಆ ದಿನಗಳಲ್ಲಿ ಅತ್ತೆ ಹೇಳುತ್ತಾ ಹೋದರು, ಗಂಡ ಬರೆದುಕೊಂಡ: ಯಾವ ಗೋಡೆ ಆಮೇಲೆ ಬಂದದ್ದು, ಯಾವ ತೊಲೆ ಬದಲಾಯಿಸಿದ್ದು, ತನ್ನ ಮಾವ ಮೊದಲು ಕಟ್ಟಿಸಿದ್ದು ಎರಡೇ ಕೋಣೆ ಎಂಬುದು. ಮಗಳು ಆ ಕೋಣೆಗೆ ಮರಳಿದಳು. ಟೈಲರಕ್ಕ ಮಾತ್ರ ಇನ್ನೂ ಕೆಲವೊಮ್ಮೆ ಗೋಡೆಗೆ ಅಂಗೈ ಇಟ್ಟು ನಿಲ್ಲುತ್ತಾಳೆ.

ನಿಮ್ಮದೂ ಹಳೆ ಮನೆಯೇ? ಹಾಗಾದರೆ ಇವತ್ತೇ ಒಂದು ಸುತ್ತು ಹಾಕಿ ಬನ್ನಿ. ಬಿರುಕು ಕಂಡರೆ ಬಣ್ಣ ಬಳಿದು ಮುಚ್ಚಬೇಡಿ. ಆ ಕೋಣೆ ಬಿಟ್ಟು, ಬಲ್ಲವರನ್ನು ಕರೆಸಿ. ಮನೆಯಲ್ಲಿ ಎಲ್ಲಿ ಏನು ಬದಲಾಯಿತೆಂದು ಹಿರಿಯರನ್ನು ಕೇಳಿ ಬರೆದಿಡಿ. ಕೇಳುವ ಮುಂಚೆ, ಬೈಯುವುದಿಲ್ಲ ಎಂದು ಅವರಿಗೆ ಮಾತು ಕೊಡಿ.