ಭಗಿನಿಯರ ಸಂಘದ ಜಲವಿಹಾರ

ಕುಣಿಗಲ್ ದೊಡ್ಡಕೆರೆಯಲ್ಲಿ ದೋಣಿ ಗೊತ್ತುಮಾಡುವ ಕೆಲಸವನ್ನು ಅಲಮೇಲಮ್ಮ ತಾನಾಗಿ ಕೇಳಿ ಪಡೆದಳು. ತುಮಕೂರಿನ ಭಗಿನಿಯರ ಸಂಘಕ್ಕೆ ಸೇರಿ ಮೂರು ವರ್ಷವಾಗಿದ್ದರೂ ಹಿಂದಿನ ಸಾಲಿನಲ್ಲಿ ಕೂತು, ಭಜನೆಗೆ ದನಿಗೂಡಿಸಿ, ಕಾಫಿ ಲೋಟಗಳನ್ನು ತೊಳೆದಿಟ್ಟು ಮನೆಗೆ ಹೋಗುವವಳು ಅವಳು. ಅಂಥವಳು ಎದ್ದು ನಿಂತು, "ಕುಣಿಗಲ್ಲು ನನ್ನ ತೌರು. ಅಲ್ಲಿನ ದೋಣಿಯವರೆಲ್ಲ ಪರಿಚಯ. ನಾನೇ ಹೋಗಿ ಮಾತಾಡ್ಕೊಂಡು ಬರ್ತೀನಿ" ಎಂದಾಗ ಎಲ್ಲರೂ ತಿರುಗಿ ನೋಡಿದರು.

ಅರವತ್ತೊಂದನೇ ಇಸವಿಯ ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ಜಲವಿಹಾರದ ಯೋಚನೆ ಅಧ್ಯಕ್ಷೆ ಮಹಾಲಕ್ಷ್ಮಮ್ಮನದು. ಆಕೆ ವಕೀಲರ ಹೆಂಡತಿ. ಚಿಕ್ಕಂದಿನಲ್ಲಿ ಆಕೆಯ ತಂದೆಗೆ ಎರಡು ವರ್ಷ ಉಡುಪಿಯ ಕಡೆ ಕೆಲಸವಿತ್ತಂತೆ. ಆ ಎರಡು ವರ್ಷದ ಸುದ್ದಿ ಸಂಘದಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತಿತ್ತು.

"ನಾನು ಮಲ್ಪೆ ಕಡಲಲ್ಲಿ ಈಜು ಕಲಿತೋಳು ಕಣ್ರೀ. ನೀರೊಳಗೆ ಕಣ್ಣು ಬಿಟ್ಕೊಂಡು ಹೋದ್ರೆ ಏನೇನು ಬಣ್ಣದ ಮೀನು ಅಂತೀರಿ. ನೀವೆಲ್ಲ ಬಾವಿ ನೀರು ಕಂಡೋರು, ನಿಮಗೆ ಹೇಳಿದ್ರೆ ಹ್ಯಾಗೆ ಗೊತ್ತಾಗ್ಬೇಕು."

ಇದು ಸುಳ್ಳೆಂದು ಅಲಮೇಲಮ್ಮನಿಗೆ ಗೊತ್ತಿತ್ತು. ಹಿಂದಿನ ವರ್ಷ ಸಂಘದವರೆಲ್ಲ ದೇವರಾಯನದುರ್ಗಕ್ಕೆ ಹೋದಾಗ ಅಲ್ಲಿನ ಕೊಳದ ಎರಡನೇ ಮೆಟ್ಟಿಲಿನಿಂದ ಮಹಾಲಕ್ಷ್ಮಮ್ಮ ಕೆಳಗಿಳಿದಿರಲಿಲ್ಲ. ಪಕ್ಕದವಳ ಹೆಗಲನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ತಲೆಗೆ ಮೂರು ಬೊಗಸೆ ನೀರು ಸುರಿದುಕೊಂಡಿದ್ದಳು. ಆ ಪಕ್ಕದವಳು ಅಲಮೇಲಮ್ಮನೇ.

ಅಲಮೇಲಮ್ಮನ ಹೊಟ್ಟೆಯಲ್ಲಿದ್ದ ಸಿಟ್ಟು ಈ ಜಂಬಕ್ಕೆ ಸಂಬಂಧಿಸಿದ್ದಲ್ಲ. ಅದಕ್ಕೆ ಆರು ವರ್ಷ ವಯಸ್ಸಾಗಿತ್ತು. ಅವಳ ತಂಗಿ ಪದ್ಮಾಕ್ಷಿಗೆ ಗುಬ್ಬಿಯ ಶಿವರಾಮಯ್ಯನ ಜೊತೆ ಮದುವೆ ಗೊತ್ತಾಗಿತ್ತು. ಪೇಟೆಬೀದಿಯಲ್ಲಿ ಪುಸ್ತಕದಂಗಡಿ ಇಟ್ಟುಕೊಂಡಿದ್ದ ಹುಡುಗ. ಲಗ್ನಪತ್ರಿಕೆ ಅಚ್ಚಾಗಿ ಬಂದಿತ್ತು. ಹನ್ನೆರಡು ದಿನ ಉಳಿದಿರುವಾಗ ಹುಡುಗನ ತಂದೆ ಕುಣಿಗಲ್ಲಿಗೆ ಬಂದು, ಜಾತಕವನ್ನೂ ಒಂದು ಕಾಗದವನ್ನೂ ಮಣೆಯ ಮೇಲಿಟ್ಟು, ನೀರು ಕೂಡ ಕುಡಿಯದೆ ಎದ್ದುಹೋದರು. ಹೆಸರಿಲ್ಲದ ಕಾಗದ ಅದು. ಹುಡುಗಿಗೆ ಮೂರ್ಛೆ ರೋಗವಿದೆ, ಅಮಾವಾಸ್ಯೆ ಹತ್ತಿರ ಬಂದರೆ ಬಾಯಲ್ಲಿ ನೊರೆ ಬರುತ್ತದೆ, ತಾಯಿತಂದೆ ಮುಚ್ಚಿಟ್ಟು ಕೊಡುತ್ತಿದ್ದಾರೆ ಎಂದು ಬರೆದಿತ್ತು. ಪದ್ಮಾಕ್ಷಿ ಹುಟ್ಟಿದಾಗಿನಿಂದ ಜ್ವರ ಬಂದು ಮಲಗಿದ್ದೂ ಕಡಮೆ. ಹೇಳಿದರೆ ನಂಬುವವರು ಯಾರು? ಆ ವರ್ಷ ತುಂಬುವ ಮೊದಲೇ ಅಪ್ಪ ತೀರಿಕೊಂಡರು. ಪದ್ಮಾಕ್ಷಿ ಟ್ರೈನಿಂಗ್ ಮುಗಿಸಿ ಉಪಾಧ್ಯಾಯಿನಿಯಾದಳು. ಬೇಕೆಂದೇ ಗುಬ್ಬಿಗೆ ಹಾಕಿಸಿಕೊಂಡಳು. ಅದು ಯಾಕೆಂದು ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ಕಾಗದವನ್ನು ಅಲಮೇಲಮ್ಮ ತನ್ನ ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡಿದ್ದಳು. ಸಂಘಕ್ಕೆ ಸೇರಿದ ಮೊದಲ ತಿಂಗಳಲ್ಲೇ ಅಧ್ಯಕ್ಷೆಯ ಕೈಬರಹದ ಸುತ್ತೋಲೆ ಮನೆಗೆ ಬಂತು. ಓದುತ್ತ ಓದುತ್ತ ಅವಳು ಎದ್ದುಹೋಗಿ ಪೆಟ್ಟಿಗೆ ತೆಗೆದಳು. 'ಳ' ಅಕ್ಷರದ ಬಾಲವನ್ನು ಕೆಳಗಿನ ಸಾಲಿನವರೆಗೆ ಎಳೆದು ಕೊಂಡಿ ಹಾಕುವ ಅದೇ ಕೈ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಶಿವರಾಮಯ್ಯ ಆಮೇಲೆ ಮದುವೆಯಾದ ಹುಡುಗಿ ಮಹಾಲಕ್ಷ್ಮಮ್ಮನ ಅಣ್ಣನ ಮಗಳೆಂದು ವಿಚಾರಿಸಿ ತಿಳಿದುಕೊಂಡ ಮೇಲೆ ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಆ ದಿನವೇ ಹೋಗಿ ಕೇಳಬಹುದಿತ್ತು. ಕೇಳಿದರೆ ಆಕೆ ನಕ್ಕು, "ಇಂಥ ಬರಹ ಊರಲ್ಲಿ ನೂರು ಜನದ್ದಿರುತ್ತೆ" ಅನ್ನುತ್ತಿದ್ದಳು. ವಕೀಲರ ಮನೆ ಬೇರೆ. ಅಲಮೇಲಮ್ಮ ಸುತ್ತೋಲೆಯನ್ನೂ ಅದೇ ಮಡಿಕೆಯೊಳಗಿಟ್ಟು, ಲೋಟ ತೊಳೆಯುತ್ತ ಕಾದಳು.

ಕುಣಿಗಲ್ಲಿನಲ್ಲಿ ಚೌಡಪ್ಪನ ಹತ್ತಿರ ಒಂದು ಜೋಡಿ ದೋಣಿಯಿತ್ತು. ಎರಡು ಉದ್ದನೆಯ ದೋಣಿಗಳನ್ನು ಮೊಳದಷ್ಟು ಅಂತರ ಬಿಟ್ಟು ಕಟ್ಟಿ, ಮೇಲೆ ಹಲಗೆ ಹಾಸಿ, ನಡುವೆ ಕಂಬ ನೆಟ್ಟು, ಗಾಳಿ ಬಂದರೆ ಬಿಚ್ಚಲು ಡೇರೆಯ ಬಟ್ಟೆ ಕಟ್ಟಿದ್ದ. ಎಷ್ಟು ಜನ ಕೂತರೂ ಮಗುಚುತ್ತಿರಲಿಲ್ಲ. ಏರಿಯ ಮೇಲೆ ಬಲೆ ಹರವುತ್ತಿದ್ದವನು ಅಲಮೇಲಮ್ಮನನ್ನು ಕಂಡು ಎದ್ದು ನಿಂತ. ಚಿಕ್ಕವಳಿದ್ದಾಗ ಅವಳು ಈ ಕೆರೆಯಲ್ಲಿ ಮೀನಿನ ಹಾಗೆ ಇದ್ದದ್ದು ಅವನಿಗೆ ನೆನಪಿತ್ತು. ಪರಂಗಿ ಎಲೆಯ ಟೊಳ್ಳು ದಂಟನ್ನು ಬಾಯಲ್ಲಿ ಕಚ್ಚಿ, ಅದರ ತುದಿ ಮಾತ್ರ ಮೇಲೆ ಬಿಟ್ಟು, ಎಷ್ಟೋ ಹೊತ್ತು ನೀರೊಳಗೆ ಇರುತ್ತಿದ್ದಳು. ಹುಡುಕಿ ಹುಡುಕಿ ಅಳುವುದು ತಂಗಿಯ ಪಾಲು.

"ಎಷ್ಟ್ ಜನ ಅವ್ವಾರೆ?"

"ಹದಿಮೂರು. ಇಡೀ ದೋಣಿ ನಮಗೇ ಬೇಕು. ಹೊರಗಿನ ಗಂಡಸರು ಯಾರೂ ಹತ್ತಕೂಡದು."

"ಆಗ್ಲಿ ಬುಡಿ. ಆ ಬಂಡೆ ತಾವ್ಕೆ ಕರ್ಕೊಂಡೋಯ್ತೀನಿ. ಮೊಣಕಾಲುದ್ದ ನೀರು, ತಳ ಕಾಣ್ತದೆ. ಹೆಣ್ಮಕ್ಳಿಗೆ ಅದೇ ವಾಸಿ."

"ಅದಕ್ಕೆ ಮೊದಲು ತೂಬಿನ ಹತ್ತಿರ ನಿಲ್ಲಿಸು ಚೌಡಪ್ಪ."

"ಅಲ್ಲಿ ಎರಡಾಳು ನೀರೈತೆ."

"ಗೊತ್ತು. ನಮ್ಮ ಅಧ್ಯಕ್ಷರು ಕಡಲಲ್ಲಿ ಈಜಿದವರು."

ಅವನು ತಲೆಯಾಡಿಸಿದ. ಅವಳು ಅಚ್ಚಾರದ ಹಣ ಕೊಟ್ಟು, ಮುಂದಿನ ಭಾನುವಾರವೆಂದು ಗೊತ್ತುಮಾಡಿ, ಸಂಜೆಯ ಬಸ್ಸು ಹಿಡಿದಳು. ದಾರಿಯುದ್ದಕ್ಕೂ ಅವಳಿಗೆ ಕಾಣುತ್ತಿದ್ದದ್ದು ಒಂದೇ ಚಿತ್ರ: ಹನ್ನೆರಡು ಹೆಂಗಸರ ಎದುರಿಗೆ ಮಹಾಲಕ್ಷ್ಮಮ್ಮ ದೋಣಿಯ ಅಂಚಿನಲ್ಲಿ ನಿಂತು, "ನನಗೆ ಈಜು ಬರಲ್ಲ" ಎಂದು ಬಾಯಿಬಿಟ್ಟು ಹೇಳುವುದು. ಒಂದು ಸುಳ್ಳು ಎಲ್ಲರೆದುರು ಒಡೆದರೆ, ಆಮೇಲೆ ಎರಡು ಕಾಗದಗಳನ್ನೂ ತೆಗೆದು ತೋರಿಸಬೇಕು. ಆಗ ನಂಬದೆ ಎಲ್ಲಿ ಹೋಗುತ್ತಾರೆ.

ಭಾನುವಾರ ಬೆಳಿಗ್ಗೆ ಚಿತ್ರಾನ್ನ, ಮೊಸರನ್ನದ ಡಬ್ಬಿಗಳೊಂದಿಗೆ ಹದಿಮೂರು ಜನ ಬಸ್ಸಿಳಿದರು. ಬಿಸಿಲು ಹಿತವಾಗಿತ್ತು. ದೋಣಿ ದಡ ಬಿಟ್ಟಾಗ ಕೆಲವರು ದೇವರ ಹೆಸರು ಹೇಳಿದರು, ಆಮೇಲೆ ಹಾಡಲು ಶುರುಮಾಡಿದರು. ಮಹಾಲಕ್ಷ್ಮಮ್ಮ ಹಲಗೆಯ ನಟ್ಟನಡುವೆ, ಕಂಬಕ್ಕೆ ಒರಗಿ ಕೂತು ಮಲ್ಪೆಯ ಅಲೆಗಳ ಎತ್ತರವನ್ನು ವರ್ಣಿಸುತ್ತಿದ್ದಳು. ಅಲಮೇಲಮ್ಮ ಪರಂಗಿ ದಂಟುಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿ ತಂದಿದ್ದಳು. ಒಂದೊಂದನ್ನು ಎಲ್ಲರ ಕೈಗೂ ಕೊಟ್ಟು, ಮೂಗು ಹಿಡಿದು ಬಾಯಲ್ಲಿ ಉಸಿರೆಳೆಯುವುದು ಹೇಗೆಂದು ತೋರಿಸಿದಳು. ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಕ್ಕರು.

ತೂಬಿನ ಕಲ್ಲುಕಂಬಗಳ ಬಳಿ ಚೌಡಪ್ಪ ದೋಣಿ ನಿಲ್ಲಿಸಿ ಹಗ್ಗ ಬಿಗಿದ.

"ಮೊದಲು ಅಧ್ಯಕ್ಷರು ಇಳೀಲಿ," ಎಂದಳು ಅಲಮೇಲಮ್ಮ. "ಅವರನ್ನ ನೋಡಿ ನಾವು ಕಲಿತೀವಿ."

ಎಲ್ಲರೂ ಹೌದು ಹೌದು ಎಂದರು. ಮಹಾಲಕ್ಷ್ಮಮ್ಮನ ಮುಖ ಒಂದು ಗಳಿಗೆ ಬಿಳುಪೇರಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಅಂಚಿಗೆ ಬಂದು ಕೆಳಗೆ ನೋಡಿದಳು. ಬಿಸಿಲಿಗೆ ನೀರು ತಿಳಿಯಾಗಿ, ತೂಬಿನ ತಳದ ಕಲ್ಲು ಕೈಗೆಟುಕುವಷ್ಟು ಹತ್ತಿರ ಕಾಣುತ್ತಿತ್ತು.

"ಇಲ್ಲಿ ಎಷ್ಟಿದೆ ರೀ, ಸೊಂಟದವರೆಗೆ ಬರುತ್ತಾ?" ಎಂದು ಮೆಲ್ಲಗೆ ಕೇಳಿದಳು.

ಆಗ ಅಲಮೇಲಮ್ಮ ನಿಜ ಹೇಳಬೇಕಾಗಿತ್ತು. ಹೇಳಿದ್ದರೆ ಆಕೆ ಹಿಂದೆ ಸರಿಯುತ್ತಿದ್ದಳು, ಅಂದುಕೊಂಡ ಅವಮಾನ ಅಲ್ಲಿಗೆ ನಡೆದುಹೋಗುತ್ತಿತ್ತು. ಅವಳಿಗೆ ಅದು ಗೊತ್ತಿತ್ತು. ಆದರೆ ಅಪ್ಪ ಆ ಕಾಗದವನ್ನು ಎರಡನೇ ಸಲ ಓದಲು ಕನ್ನಡಕ ಹುಡುಕಿದ್ದು ಯಾಕೋ ಕಣ್ಣಮುಂದೆ ಬಂತು.

"ನಿಮಗೆಷ್ಟು ಮಹಾ ಆಳ ಬಿಡಿ," ಎಂದಳು.

ಮಹಾಲಕ್ಷ್ಮಮ್ಮ ದಂಟನ್ನು ಬಾಯಲ್ಲಿಟ್ಟುಕೊಂಡು ಕಾಲಿಳಿಬಿಟ್ಟಳು. ನೆಲ ಸಿಗಲಿಲ್ಲ. ಸದ್ದೂ ಇಲ್ಲದೆ ಮುಳುಗಿಹೋದಳು. ದಂಟು ಮಾತ್ರ ತೇಲಿತು. ಈಜುವವರ ತಮಾಷೆಯೆಂದುಕೊಂಡು ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಚೌಡಪ್ಪ ಹುಟ್ಟು ಕೆಳಗಿಟ್ಟು ಧುಮುಕಲು ಹೊರಟ. ಅಲಮೇಲಮ್ಮ ಕೈಯೆತ್ತಿ ಅವನನ್ನು ತಡೆದು, ಕಚ್ಚೆ ಬಿಗಿದು ತಾನೇ ಹಾರಿದಳು.

ಮೂವತ್ತೈದು ವರ್ಷದ ಮೈ ನೀರನ್ನು ಮರೆತಿರಲಿಲ್ಲ. ಕೈಗೆ ಕೂದಲು ಸಿಕ್ಕಿತು. ಗಂಟಿನ ಸಮೇತ ಹಿಡಿದು ಮೇಲೆಳೆದಳು. ದೋಣಿ ಒಂದು ಮಾರು ದೂರದಲ್ಲಿತ್ತು. ಮಹಾಲಕ್ಷ್ಮಮ್ಮ ಕೆಮ್ಮುತ್ತ, ಕಣ್ಣು ಮೇಲೆ ಮಾಡಿ, ಗಾಳಿಯನ್ನು ಎರಡೂ ಕೈಯಿಂದ ಬಾಚುತ್ತಿದ್ದಳು.

"ಗುಬ್ಬಿಗೆ ಕಾಗದ ಬರೆದದ್ದು ಯಾರು?" ಅಲಮೇಲಮ್ಮ ಕೇಳಿದಳು. ದನಿ ಏರಿಸಲಿಲ್ಲ.

"ಏನು ಕಾಗದ... ಬಿಡ್ಬೇಡಿ, ಬಿಡ್ಬೇಡಿ ನಿಮ್ಮ ದಮ್ಮಯ್ಯ..."

ಅಲಮೇಲಮ್ಮ ಬಿಟ್ಟಳು.

ಆಕೆ ಮುಳುಗಿದ್ದು ಎಷ್ಟು ಹೊತ್ತೆಂದು ಆಮೇಲೆ ಹನ್ನೊಂದು ಜನ ಹನ್ನೊಂದು ಲೆಕ್ಕ ಹೇಳಿದರು. ಅಲಮೇಲಮ್ಮನಿಗೆ ಮಾತ್ರ ಸರಿಯಾಗಿ ಗೊತ್ತು: ಐದರವರೆಗೆ ಎಣಿಸಿದ್ದಳು. ಮತ್ತೆ ಕೂದಲು ಹಿಡಿದು ಎತ್ತಿದಾಗ ಮಹಾಲಕ್ಷ್ಮಮ್ಮನಿಗೆ ಯಾವ ಕಾಗದವೆಂದು ಕೇಳುವ ಧೈರ್ಯ ಉಳಿದಿರಲಿಲ್ಲ.

"ನಾನೇ. ನಾನೇ ಬರೆದದ್ದು."

"ಏನಂತ? ಅವರಿಗೆ ಕೇಳಿಸೋ ಹಾಗೆ ಹೇಳಿ."

"ಹುಡುಗಿಗೆ ಮೂರ್ಛೆ ಅಂತ. ಪದ್ಮಾಕ್ಷಿಗೆ. ಸುಳ್ಳು ಅದು. ನಮ್ಮ ಅಣ್ಣನ ಮಗಳಿಗೆ ಆ ಗಂಡು ಸಿಗಲಿ ಅಂತ ಬರೆದೆ."

ಅಷ್ಟರಲ್ಲಿ ಚೌಡಪ್ಪ ನೀರಿಗಿಳಿದಿದ್ದ. ಆಕೆಯ ಕಂಕುಳಿಗೆ ಕೈಹಾಕಿ ದೋಣಿಗೆ ಎತ್ತಿಕೊಟ್ಟ. ಹೆಂಗಸರು ಆಕೆಯನ್ನು ಬೋರಲು ಮಲಗಿಸಿ ಬೆನ್ನು ತಟ್ಟಿದರು, ಒಣ ಸೆರಗು ಹೊದಿಸಿದರು. ಅಲಮೇಲಮ್ಮನ ಕಡೆ ಯಾರೂ ಕೈ ಚಾಚಲಿಲ್ಲ. ಅವಳೇ ಹಲಗೆ ಹಿಡಿದು ಹತ್ತಿ, ಒಂದು ಮೂಲೆಯಲ್ಲಿ ಕೂತು ಕೂದಲು ಹಿಂಡಿಕೊಂಡಳು. ಆರು ವರ್ಷ ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಿತ್ತು. ಅಂಥ ಸುಖ ಅವಳು ಬಾಳಿನಲ್ಲಿ ಉಂಡಿರಲಿಲ್ಲ.

ದಡದಲ್ಲಿ ಎಲ್ಲರೂ ಇಳಿದ ಮೇಲೆ ಚೌಡಪ್ಪ ಅವಳ ಹತ್ತಿರ ಬಂದ.

"ನೀವು ನಮ್ಮೂರ ಮಗಳು. ಆದ್ರೂ ಯೋಳ್ತೀನಿ, ಇನ್ ನನ್ ದೋಣಿಗೆ ಬರ್ಬ್ಯಾಡಿ ಅವ್ವಾರೆ," ಎಂದ. ಅವಳು ಆಗಲಿ ಎಂದಳು.

ಮಹಾಲಕ್ಷ್ಮಮ್ಮ ಆಮೇಲೆ ಸಂಘಕ್ಕೆ ಬರಲಿಲ್ಲ. ಮೈಗೆ ಹುಷಾರಿಲ್ಲವೆಂದು ಹೇಳಿಕಳಿಸಿದಳು. ವಕೀಲರು ಕೇಸು ಹಾಕುತ್ತಾರೆಂದು ಸುದ್ದಿ ಹುಟ್ಟಿತು, ಹಾಕಲಿಲ್ಲ. ಹಾಕಿದರೆ ಆ ಕಾಗದವೂ ಕೋರ್ಟಿಗೆ ಬರುತ್ತಿತ್ತು. ಸಂಘದ ಹೆಂಗಸರು ಎದುರು ಸಿಕ್ಕರೆ ಅಲಮೇಲಮ್ಮನ ಜೊತೆ ಮರ್ಯಾದೆಯಿಂದ ಮಾತಾಡಿ ಬೇಗ ಹೊರಟುಬಿಡುತ್ತಿದ್ದರು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ತಂಗಿಗೆ ಹೇಳಬೇಕು, ಅವಳ ಮುಖ ನೋಡಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಎರಡು ವಾರ ಬಿಟ್ಟು ಗುಬ್ಬಿಗೆ ಹೋದಳು.

ಪದ್ಮಾಕ್ಷಿ ನರಸಿಂಹಮ್ಮ ಎಂಬ ಮುದುಕಿಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಅಕ್ಕನನ್ನು ಕಂಡು ಚಾಪೆ ಹಾಸಿದಳು, ಕಾಫಿ ಕೊಟ್ಟಳು. ಅಲಮೇಲಮ್ಮ ಎಲ್ಲವನ್ನೂ ಮೊದಲಿನಿಂದ ಹೇಳಿದಳು.

"ಕೆರೇಲಿ ನಡೆದದ್ದು ನನಗೆ ಗೊತ್ತಾಯ್ತು," ಎಂದಳು ಪದ್ಮಾಕ್ಷಿ. "ನಿಮ್ಮ ದೋಣೀಲಿದ್ದ ಒಬ್ಬರು ಶಿವರಾಮಯ್ಯನ ತಾಯಿಗೆ ಸಂಬಂಧ. ಮಾರನೇ ದಿನವೇ ಬರೆದಿದಾರೆ. ಹೋದ ಗುರುವಾರ ತಾಯಿ, ಮಗ ಇಬ್ಬರೂ ಇಲ್ಲಿಗೆ ಬಂದಿದ್ರು."

"ಬಂದು?"

"ಕೈ ಮುಗಿದ್ರು. ತಪ್ಪಾಯ್ತು, ಕ್ಷಮಿಸಮ್ಮ ಅಂದ್ರು. ಆಯಮ್ಮ ಅತ್ತರು. ನಾನೇನು ಮಾಡ್ಲಿ, ಹೋಗ್ಲಿ ಬಿಡಿ ಅಂದೆ."

"ಒಳ್ಳೇದೇ ಆಯ್ತಲ್ಲ."

ಪದ್ಮಾಕ್ಷಿ ಲೋಟವನ್ನು ಕೆಳಗಿಟ್ಟಳು.

"ಬರೆದೋರು ಯಾರು ಅಂತ ನನಗೆ ಆಗಲೇ ಗೊತ್ತಿತ್ತು ಕಣೇ ಅಕ್ಕ. ಅವನು ಯಾರನ್ನ ಮದುವೆ ಆದ ಅಂತ ನೋಡಿದ್ರೆ ತಿಳಿಯಲ್ವಾ. ನಾನು ಗುಬ್ಬಿಗೆ ಯಾಕೆ ಬಂದೆ ಅಂದ್ಕೊಂಡಿದೀಯ? ಐದು ವರ್ಷ, ದಿನಾ ಎರಡು ಸಲ ಅವನ ಅಂಗಡಿ ಮುಂದೆ ನಡ್ಕೊಂಡು ಹೋಗಿದೀನಿ. ಅಮಾವಾಸ್ಯೆ ದಿನವೂ ಹೋದೆ. ಜ್ವರ ಬಂದಾಗ್ಲೂ ಒಂದು ದಿನ ರಜ ಹಾಕ್ಲಿಲ್ಲ. ನಾನು ಆ ಬೀದಿಗೆ ಬಂದ್ರೆ ಸಾಕು, ಅವನು ತಕ್ಕಡಿ ಇಲ್ಲದ ಅಂಗಡೀಲಿ ಏನೋ ತೂಗೋನ ಹಾಗೆ ತಲೆ ತಗ್ಗಿಸೋನು. ಒಂದು ಕಾಗದ ನಂಬಿ ಏನು ಮಾಡ್ಕೊಂಡೆ ಅಂತ ದಿನಾ ಎರಡು ಸಲ ನೋಡ್ಲಿ ಅಂತ ಹೋಗ್ತಿದ್ದೆ. ಅದು ನಂದು."

ಅಲಮೇಲಮ್ಮ ತನ್ನ ಲೋಟವನ್ನು ಚಾಪೆಯ ಅಂಚಿಗೆ ಸರಿಸಿದಳು.

"ಈಗ ಕ್ಷಮಿಸಿ ಅಂತ ಕೇಳಿಬಿಟ್ಟ, ನಾನೂ ಹೂಂ ಅಂದುಬಿಟ್ಟೆ. ಶುಕ್ರವಾರ ನಾನು ಹೋಗ್ತಿದ್ರೆ ಎದ್ದು ನಿಂತು ನಮಸ್ಕಾರ ಮೇಡಂ ಅಂದ. ನಗ್ತಾ ಅಂದ. ಎದೆ ಹಗುರ ಮಾಡ್ಕೊಂಡಿದಾನೆ." ಪದ್ಮಾಕ್ಷಿಯ ದನಿ ಒಡೆಯಿತು. "ನಿನ್ನ ಯಾರು ಕೇಳಿದ್ರು?"

ಒಳಗೆ ನರಸಿಂಹಮ್ಮ ಅಕ್ಕಿ ಆರಿಸುವ ಮೊರದ ಸದ್ದು ಕೇಳುತ್ತಿತ್ತು. ತಪ್ಪಾಯಿತು ಎಂದರೆ ಸುಳ್ಳಾಗುತ್ತದೆಂದು ಅಲಮೇಲಮ್ಮನಿಗೆ ಗೊತ್ತಿತ್ತು. ನೀರಿನಲ್ಲಿ ಆ ಕೂದಲು ಬಿಟ್ಟ ಗಳಿಗೆಯನ್ನು ನೆನೆದರೆ ಈಗಲೂ ಒಳಗೆ ಹಿತವಾಗಿ ತಣ್ಣಗಾಗುತ್ತಿತ್ತು.

"ಎಷ್ಟು ಸಲ ಮುಳುಗಿದ್ಲು?" ಪದ್ಮಾಕ್ಷಿ ಇದ್ದಕ್ಕಿದ್ದಂತೆ ಕೇಳಿದಳು.

"ಎರಡು."

ಪದ್ಮಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡಳು. ಊಟಕ್ಕೆ ಎದ್ದು ಎಲೆ ಹಾಕಿದಳು, ಅಕ್ಕನಿಗೆ ಹೆಚ್ಚೇ ತುಪ್ಪ ಬಡಿಸಿದಳು. ಸಂಜೆ ಬಸ್ಸಿನವರೆಗೂ ಬಂದು ಹತ್ತಿಸಿದಳು. ಸೋಮವಾರದಿಂದ ಅವಳು ಸ್ಕೂಲಿಗೆ ಪೇಟೆಬೀದಿಯಲ್ಲಿ ಹೋಗಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ಸುತ್ತಿಕೊಂಡು ಹೋದಳು. ಮೇ ತಿಂಗಳಲ್ಲಿ ಗುಬ್ಬಿಯಿಂದ ವರ್ಗಕ್ಕೆ ಅರ್ಜಿ ಹಾಕಿದಳು.